ಮೊದಲ ಸಂಪುಟ ಯಾವುದಿರಲಿ? ಫ್ಯಾಂಟಸಿ ಸರಣಿಗೆ ಕಾಲಿಡುವವರಿಗೆ ಒಂದು ಹೋಲಿಕೆ

ಫ್ಯಾಂಟಸಿ ಓದಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ: 'ಇರೋದರಲ್ಲಿ ಯಾವ ಸರಣಿ ಬೆಸ್ಟ್?' ಉತ್ತರ ಹೇಳುವವರಿಗೇನೂ ಬರವಿಲ್ಲ. ಒಬ್ಬರು ಟೋಲ್ಕಿನ್ ಎನ್ನುತ್ತಾರೆ, ಇನ್ನೊಬ್ಬರು ಮಾರ್ಟಿನ್ ಎನ್ನುತ್ತಾರೆ. ಮೂರನೆಯವರು ಹದಿನಾಲ್ಕು ಸಂಪುಟಗಳ ಒಂದು ಸರಣಿಯ ಹೆಸರೆತ್ತಿ, 'ನಾಲ್ಕನೆಯದರಿಂದ ಕಥೆ ಸಖತ್ತಾಗಿ ಓಡುತ್ತೆ' ಎಂದು ಧೈರ್ಯ ತುಂಬುತ್ತಾರೆ. ಕೇಳಿದವರು ಎಲ್ಲರ ಮಾತಿಗೂ ತಲೆಯಾಡಿಸಿ, ಇದ್ದುದರಲ್ಲಿ ಅತಿ ದಪ್ಪದ್ದನ್ನು ತಂದು, ಅರವತ್ತನೆಯ ಪುಟದಲ್ಲಿ ಗುರುತಿಗೆ ಚೀಟಿ ಇಡುತ್ತಾರೆ. ಆ ಚೀಟಿ ಅಲ್ಲೇ ಹಳದಿಯಾಗುತ್ತದೆ.

ನನ್ನ ಮಟ್ಟಿಗೆ ಪ್ರಶ್ನೆಯೇ ಓರೆ. ಸರಣಿ ಎಷ್ಟು ದೊಡ್ಡದು, ಎಷ್ಟು ಹೆಸರಾಂತದ್ದು ಎಂಬುದು ಮುಗಿಸಿದವರ ಹೆಮ್ಮೆಯ ವಿಷಯ. ಶುರು ಮಾಡುವವರ ಕೈಯಲ್ಲಿರುವುದು ಒಂದು ಪುಸ್ತಕ ಮಾತ್ರ. ಅದನ್ನು ಮುಗಿಸಿ ಕೆಳಗಿಟ್ಟಾಗ ಪೂರ್ತಿ ಒಂದು ಕಥೆ ದಕ್ಕಿರುತ್ತದೆಯೇ ಅಥವಾ ಇನ್ನೂ ಮೂರು ಸಾವಿರ ಪುಟದ ಸಾಲ ತಲೆಯ ಮೇಲೆ ಕೂತಿರುತ್ತದೆಯೇ, ನೋಡಬೇಕಾದದ್ದು ಇಷ್ಟು. ಸಾಲ ಮಾಡಬಾರದು ಅಂತಲ್ಲ, ಎಷ್ಟು ಅಂತ ಗೊತ್ತಿದ್ದು ಮಾಡಬೇಕು.

ಯಾವುದರಿಂದ ಅಳೆಯುವುದು

ಮೊದಲ ಅಳತೆ ನಿಲುಗಡೆ. ಕೊನೆಯ ಪುಟಕ್ಕೆ ಬಂದಾಗ ಕಥೆ ಒಂದು ಕಟ್ಟೆಯ ಮೇಲೆ ಕೂತು ಉಸಿರು ಬಿಡುತ್ತದೆಯೋ, ನಡುದಾರಿಯಲ್ಲಿ ನಮ್ಮನ್ನು ಇಳಿಸಿ ಹೋಗುತ್ತದೆಯೋ? ಪುಸ್ತಕದ ಹಿಂಬದಿಯ ರಕ್ಷಾಪುಟದಲ್ಲಿ ಈ ಒಂದು ಸಂಗತಿ ಬಿಟ್ಟು ಉಳಿದೆಲ್ಲ ಬರೆದಿರುತ್ತಾರೆ. ನಾನು ಈ ಅಳತೆಗೆ ಮಿಕ್ಕೆಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ.

ಎರಡನೆಯದು, ಸರಣಿ ಮುಗಿದಿದೆಯೇ, ಮುಗಿದಿದ್ದರೆ ಎಷ್ಟು ಸಂಪುಟಕ್ಕೆ. ಇದರಲ್ಲೇ ದುಡ್ಡಿನ ಲೆಕ್ಕವೂ ಸೇರಿದೆ. ಮೂರು ಪುಸ್ತಕ ಕೊಳ್ಳುವುದಕ್ಕೂ ಹದಿನಾಲ್ಕು ಕೊಳ್ಳುವುದಕ್ಕೂ ಇರುವ ಅಂತರ ಯಾರಾದರೂ ಹೇಳಿಕೊಡಬೇಕಾದ್ದಲ್ಲ. ಗ್ರಂಥಾಲಯದಿಂದ ತಂದು ಓದುವವರಿಗೆ ಇನ್ನೊಂದು ತೊಡಕಿದೆ. ಒಂದನೆಯದೂ ನಾಲ್ಕನೆಯದೂ ಸಿಕ್ಕುತ್ತವೆ, ನಡುವಿನವು ಯಾರ ಮನೆಯಲ್ಲಿವೆಯೋ.

ಮೂರನೆಯದು, ಕಥೆ ಕಾವೇರಲು ಬೇಕಾಗುವ ಪುಟಗಳು. ಕೆಲವು ಪುಸ್ತಕ ಮೊದಲ ಹಾಳೆಯಲ್ಲೇ ಕೈ ಹಿಡಿದೆಳೆಯುತ್ತವೆ, ಕೆಲವಕ್ಕೆ ನೂರು ಪುಟ ಕಾಯಬೇಕು. ನಾಲ್ಕನೆಯದು ನೆನಪಿನ ಹೊರೆ: ಎಷ್ಟು ಜನ, ಎಷ್ಟು ಊರು, ಎಷ್ಟು ವಂಶ. ಕಡೆಯದಾಗಿ ಭಾಷೆ. ಇಲ್ಲಿ ಹೇಳುವ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ ಬರೆದವು. ಇಂಗ್ಲಿಷ್ ತಾಯ್ನುಡಿಯಲ್ಲದವರಿಗೆ ಹಳೆಗಾಲದ ಪದ, ತಿರುಚು ವಾಕ್ಯ, ಜೊತೆಗೆ ಲೇಖಕರೇ ಹುಟ್ಟಿಸಿದ ಹೆಸರುಗಳು ಒಟ್ಟಿಗೆ ಬಂದರೆ ಓದು ಏರುದಾರಿಯಾಗುತ್ತದೆ.

ಟೋಲ್ಕಿನ್: ಹಿರಿಯರಿಂದಲೇ ಶುರು ಮಾಡಬೇಕೆ?

'ದಿ ಫೆಲೋಶಿಪ್ ಆಫ್ ದಿ ರಿಂಗ್' ಬಗ್ಗೆ ಮೊದಲು ತಿಳಿದಿರಬೇಕಾದ ವಿಷಯ ಇದು: ಅದು ಸರಣಿಯೊಂದರ ಮೊದಲ ಕಾದಂಬರಿಯೇ ಅಲ್ಲ. ಟೋಲ್ಕಿನ್ ಬರೆದದ್ದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಆರು ಪರ್ವಗಳ ಒಂದೇ ಕಾದಂಬರಿ. ಯುದ್ಧ ಮುಗಿದ ಮೇಲಿನ ಇಂಗ್ಲೆಂಡಿನಲ್ಲಿ ಕಾಗದ ದುಬಾರಿಯಾಗಿತ್ತು. ಪ್ರಕಾಶಕರು ಅದನ್ನು ಮೂರಾಗಿ ಸೀಳಿ, ಮೊದಲೆರಡನ್ನು 1954ರಲ್ಲೂ ಕೊನೆಯದನ್ನು 1955ರಲ್ಲೂ ಹೊರತಂದರು. ಹಾಗಾಗಿ ಮೊದಲ ಸಂಪುಟಕ್ಕೆ ನಿಲುಗಡೆ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ನಾನೂರು ಚಿಲ್ಲರೆ ಪುಟ ನಡೆದವರನ್ನು ಅದು ಹೊಳೆಯ ದಡದಲ್ಲಿ ನಿಲ್ಲಿಸಿ ಸುಮ್ಮನಾಗುತ್ತದೆ. ಇದನ್ನು ಕೈಗೆತ್ತಿಕೊಳ್ಳುವವರು ಮೂರನ್ನೂ ಓದುತ್ತೇನೆಂದು ಒಪ್ಪಿಕೊಂಡೇ ಶುರು ಮಾಡಬೇಕು. ಸಮಾಧಾನವೆಂದರೆ ಮೂರಕ್ಕೆ ಮುಗಿಯುತ್ತದೆ, ಮತ್ತು ಆ ಮುಕ್ತಾಯದ ತೂಕ ಬೇರೆ ಕಡೆ ಸಿಗುವುದು ಕಷ್ಟ.

ಕಾವೇರುವ ವಿಷಯದಲ್ಲಿ ಇದು ನಿಧಾನಿ. ಕಥೆಗೆ ಮುಂಚೆ ಹಾಬಿಟ್ ಎಂಬ ಕುಳ್ಳ ಜನರ ರೀತಿನೀತಿ, ಅವರು ಸೇದುವ ಸೊಪ್ಪು, ಅವರ ಊರಾಡಳಿತದ ಮೇಲೆ ಒಂದು ಪೀಠಿಕೆಯಿದೆ. ಆಮೇಲೆ ಬಿಲ್ಬೋ ಎಂಬ ಹಾಬಿಟ್‌ನ 111ನೆಯ ಹುಟ್ಟುಹಬ್ಬ. ಅದಾದ ಮೇಲೆ ಸಿನಿಮಾ ನೋಡಿದವರಿಗೆ ಆಶ್ಚರ್ಯವಾಗುವಂತೆ 17 ವರ್ಷ ಸದ್ದಿಲ್ಲದೆ ಕಳೆದುಹೋಗುತ್ತದೆ, ಆಗಷ್ಟೇ ಕಥಾನಾಯಕ ಫ್ರೋಡೋ ಮನೆ ಬಿಡುತ್ತಾನೆ. ನಾನು ಮೊದಲ ಸಲ ಸೋತದ್ದು ಪೀಠಿಕೆಯಲ್ಲಿ. ಎರಡನೆಯ ಸಲ ಎಲ್ರಂಡನ ಸಭೆಯವರೆಗೆ ಬಂದೆ. ಅದೊಂದು ಬಹಳ ಉದ್ದದ ಅಧ್ಯಾಯ. ಆವರೆಗೆ ಹೆಸರೇ ಕೇಳದ ಹಲವರು ಸುತ್ತ ಕೂತು, ಒಬ್ಬರಾದ ಮೇಲೊಬ್ಬರು ನೂರಾರು ವರ್ಷದ ಹಳೆಯ ಸಂಗತಿ ಹೇಳುತ್ತಾರೆ. ಅಲ್ಲಿ ಮಲಗಿದವನು ವರ್ಷ ಬಿಟ್ಟು ಎದ್ದೆ. ಮೂರನೆಯ ಸಲ ಪೀಠಿಕೆಯನ್ನು ಹಾರಿಸಿದೆ, ಹಾಡುಗಳನ್ನು ಬೇಕಾದಷ್ಟೇ ಓದಿದೆ, ಸಭೆಯ ಅಧ್ಯಾಯವನ್ನು ರಾತ್ರಿ ಮಲಗುವಾಗ ಬಿಟ್ಟು ಬೆಳಗಿನ ಹೊತ್ತು ಓದಿದೆ. ಅಷ್ಟೇ ಸಾಕಾಯಿತು. ಪೀಠಿಕೆಗೆ ಮುಗಿಸಿದ ಮೇಲೆ ಮರಳಿ ಬಂದರೆ ಅದೇ ಹಳೆಯ ನೆಂಟರ ಮನೆಯ ಹಾಗೆ ಹಿತವಾಗಿರುತ್ತದೆ.

ಭಾಷೆ ಗಂಭೀರ, ಒಮ್ಮೊಮ್ಮೆ ಪುರಾಣದ ಧಾಟಿ. ಬೆಟ್ಟ ಹೊಳೆ ಕಾಡುಗಳ ವರ್ಣನೆ ಧಾರಾಳ. ನಡಿಗೆಯ ಆಯಾಸ ಓದುವವರ ಕಾಲಿಗೂ ತಟ್ಟುವ ಹಾಗೆ ಬರೆಯುವ ಶಕ್ತಿ ಟೋಲ್ಕಿನ್‌ಗಿದೆ. ಅದನ್ನು ಗುಣವೆನ್ನುವವರೂ ಇದ್ದಾರೆ, ದೋಷವೆನ್ನುವವರೂ ಇದ್ದಾರೆ. ನೀವು ಯಾವ ಕಡೆಯವರೆಂದು ಮೊದಲ ಎಂಬತ್ತು ಪುಟದಲ್ಲಿ ಗೊತ್ತಾಗುತ್ತದೆ.

ಇದೇ ಲೋಕಕ್ಕೆ ಇನ್ನೊಂದು ಬಾಗಿಲಿದೆ. 1937ರ 'ದಿ ಹಾಬಿಟ್' ಮಕ್ಕಳಿಗೆಂದು ಬರೆದದ್ದು, ಒಂದೇ ಪುಸ್ತಕದಲ್ಲಿ ಹೊರಟು ಹೋಗಿ ಮರಳಿ ಮನೆಗೆ ಬರುವ ಕಥೆ. ನಿಲುಗಡೆ ಪಕ್ಕಾ. ಮುಂದೆ ದೊಡ್ಡ ಕಾದಂಬರಿಗೆ ಹೊಂದಲೆಂದು, ಉಂಗುರ ಸಿಗುವ ಅಧ್ಯಾಯವನ್ನು ಟೋಲ್ಕಿನ್ 1951ರ ಆವೃತ್ತಿಯಲ್ಲಿ ತಿದ್ದಿ ಬರೆದರು. ಆದ್ದರಿಂದ ಈಗ ಸಿಗುವ 'ಹಾಬಿಟ್' ಓದಿ ಮುಂದಕ್ಕೆ ಹೋದವರಿಗೆ ಎಲ್ಲೂ ಹೊಲಿಗೆ ಕಾಣುವುದಿಲ್ಲ. ಟೋಲ್ಕಿನ್ ಓದಲೇಬೇಕು ಆದರೆ ದಮ್ಮಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಇಲ್ಲಿಂದ ಒಳಹೋಗಿ. ಧಾಟಿ ಮಾತ್ರ ಬೇರೆ: 'ಹಾಬಿಟ್'ನಲ್ಲಿ ಅಜ್ಜ ಕಥೆ ಹೇಳುತ್ತಾನೆ, ಮುಂದಿನದರಲ್ಲಿ ಅದೇ ಅಜ್ಜ ಇತಿಹಾಸ ಹೇಳುತ್ತಾನೆ.

ಇನ್ನೂರು ಪುಟದ ಪವಾಡ

ಅರ್ಸುಲಾ ಲ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' 1968ರದ್ದು. ಸುಮಾರು ಇನ್ನೂರು ಪುಟ. ನನ್ನನ್ನು ಕೇಳುವವರಲ್ಲಿ ಅರ್ಧಕ್ಕರ್ಧ ಜನರಿಗೆ ನಾನು ಕೊಡುವುದು ಇದನ್ನೇ. ಹಾಗಾಗಿ ಇಲ್ಲಿ ನನ್ನ ಪಕ್ಷಪಾತವನ್ನು ಕಳೆದು ಓದಿಕೊಳ್ಳಿ.

ದ್ವೀಪಗಳೇ ತುಂಬಿದ ಲೋಕ. ಮೇಕೆ ಕಾಯುವ ಹುಡುಗನೊಬ್ಬನಿಗೆ ಮಾಯೆಯ ಶಕ್ತಿಯಿದೆ, ಅದಕ್ಕಿಂತ ಹೆಚ್ಚಾಗಿ ಅಹಂಕಾರವಿದೆ. ಮಾಂತ್ರಿಕರ ಶಾಲೆಯಲ್ಲಿ ಜಿದ್ದಿಗೆ ಬಿದ್ದು ಮಾಡಬಾರದ್ದನ್ನು ಮಾಡುತ್ತಾನೆ, ಒಂದು ನೆರಳನ್ನು ಈ ಲೋಕಕ್ಕೆ ಬಿಟ್ಟುಬಿಡುತ್ತಾನೆ. ಉಳಿದದ್ದೆಲ್ಲ ಅವನೂ ಅದೂ. ಯುದ್ಧವಿಲ್ಲ, ಸಿಂಹಾಸನವಿಲ್ಲ, ಜಗತ್ತನ್ನೇ ನುಂಗಲು ಬಂದ ಖಳನಿಲ್ಲ. ಈ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವಿನ ಮೇಲೆ ಅಧಿಕಾರ. ಹೆಸರಿನಲ್ಲಿ ಬಲವಿದೆ ಎಂಬ ನಂಬಿಕೆ ನಮ್ಮ ಕಿವಿಗೆ ಹೊಸದಲ್ಲ, ಆದ್ದರಿಂದ ಈ ಮಾಯೆಯನ್ನು ಅರ್ಥ ಮಾಡಿಕೊಳ್ಳಲು ಪರಿಶಿಷ್ಟ ತಿರುವಬೇಕಿಲ್ಲ. ನಾಯಕ ಗೆಡ್‌ನ ಮೈಬಣ್ಣ ತಾಮ್ರಗಂದು, ಕಥೆಯ ಬಹುಪಾಲು ಜನರೂ ಕಪ್ಪು ಕಂದು ಬಣ್ಣದವರೇ. ಎಷ್ಟೋ ಆವೃತ್ತಿಗಳ ಮುಖಪುಟ ಅವನನ್ನು ಬಿಳಿಯನನ್ನಾಗಿಸಿದ ಬಗ್ಗೆ ಲ ಗ್ವಿನ್ ಬೇಸರ ಹೇಳಿಕೊಂಡದ್ದುಂಟು. ಮುಖಪುಟ ನಂಬಬೇಡಿ.

ನಿಲುಗಡೆ ಸಂಪೂರ್ಣ. ಮುಂದಿನದನ್ನು ಓದದೆ ಹೋದರೂ ಒಂದು ಎಳೆ ಸಡಿಲ ಉಳಿಯುವುದಿಲ್ಲ. ಓದುವುದಾದರೆ ಒಟ್ಟು ಆರು ಪುಸ್ತಕ. ಮೊದಲ ಮೂರು 1972ಕ್ಕೆ ಮುಗಿದವು. ನಾಲ್ಕನೆಯದು 18 ವರ್ಷ ತಡವಾಗಿ 1990ರಲ್ಲಿ ಬಂತು, ಮೊದಲಿನವನ್ನೇ ಪ್ರಶ್ನಿಸುವ ಹಾಗೆ.

ಹಾಗಾದರೆ ಕೊರತೆ? ಇದೆ. ಇಲ್ಲಿ ಹರಟೆ ಇಲ್ಲ, ಹಾಸ್ಯ ಕಡಿಮೆ, ಪಾತ್ರಗಳು ಮಾತಾಡುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಲೋಕವೊಂದರಲ್ಲಿ ತಿಂಗಳುಗಟ್ಟಲೆ ಮನೆ ಮಾಡಿಕೊಂಡಿರಬೇಕು ಎಂಬ ಆಸೆಯಿಂದ ಫ್ಯಾಂಟಸಿಗೆ ಬರುವವರಿಗೆ ಇದು ಒಂದು ರಾತ್ರಿಯ ತಂಗುದಾಣ. ವಾಕ್ಯಗಳು ಚಿಕ್ಕವಾದರೂ ಕಡೆದು ಕೂರಿಸಿದಂಥವು. ವೇಗವಾಗಿ ಓದಿದರೆ ಜಾರಿಹೋಗುತ್ತವೆ. ಹೆಣ್ಣು ಪಾತ್ರಗಳಿಗೆ ಮೊದಲ ಪುಸ್ತಕದಲ್ಲಿ ಜಾಗ ಸಾಲದು. ಎರಡನೆಯದರಲ್ಲಿ ಕಥೆಯ ಕೇಂದ್ರದಲ್ಲೇ ಒಬ್ಬ ಹುಡುಗಿಯಿದ್ದಾಳೆ.

ಮುಗಿಯದ ಎರಡು

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಗೇಮ್ ಆಫ್ ಥ್ರೋನ್ಸ್' 1996ರಲ್ಲಿ ಬಂತು. ಏಳು ಸಂಪುಟದ ಯೋಜನೆ. ಐದನೆಯದು 2011ರಲ್ಲಿ ಬಂತು, ಆರನೆಯದಕ್ಕೆ ಓದುಗರು ಇನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಪ್ಯಾಟ್ರಿಕ್ ರಾಥ್‌ಫಸ್ ಅವರ 'ದಿ ನೇಮ್ ಆಫ್ ದಿ ವಿಂಡ್' 2007ರದ್ದು. ಮೂರರ ಯೋಜನೆ, ಎರಡನೆಯದು 2011ರಲ್ಲಿ ಬಂತು, ಮೂರನೆಯದು ಇಲ್ಲ. 'ಮುಗಿಯದ ಸರಣಿ ಮುಟ್ಟಲೇಬೇಡಿ' ಎಂಬುದು ಸಾಮಾನ್ಯವಾಗಿ ಸಿಗುವ ಸಲಹೆ. ನಾನು ಅಷ್ಟು ಬಿಗಿ ಹಿಡಿಯುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದೂ ಸರಿಯಲ್ಲ.

ಮಾರ್ಟಿನ್ ಕಥೆಯಲ್ಲಿ ಮಾಯೆ ಅಂಚಿನಲ್ಲಿದೆ, ನಡುವೆ ಇರುವುದು ಅಧಿಕಾರ. ಪೀಠಿಕೆಯೊಂದನ್ನು ಬಿಟ್ಟರೆ ಇಡೀ ಸಂಪುಟ ಎಂಟು ಜನರ ಕಣ್ಣಿನಿಂದ ಸಾಗುತ್ತದೆ, ಅಧ್ಯಾಯದ ತಲೆಬರಹವೇ ಆ ಪಾತ್ರದ ಹೆಸರು. ಇದರ ಗಮ್ಮತ್ತು ಬೇಗ ತಿಳಿಯುತ್ತದೆ: ಒಬ್ಬರ ಅಧ್ಯಾಯದಲ್ಲಿ ದುಷ್ಟನಾಗಿ ಕಂಡವನು ಇನ್ನೊಬ್ಬರ ಅಧ್ಯಾಯದಲ್ಲಿ ಮನುಷ್ಯನಾಗುತ್ತಾನೆ. ಮಹಾಭಾರತ ಕೇಳಿ ಬೆಳೆದವರಿಗೆ ದಾಯಾದಿ ಜಗಳ, ವಂಶಾವಳಿ, ಧರ್ಮಸಂಕಟ ಯಾವುದೂ ಪರಕೀಯ ಅನ್ನಿಸುವುದಿಲ್ಲ. ಆದರೆ ನೆನಪಿನ ಹೊರೆ ಇಲ್ಲಿ ಹೆಚ್ಚು. ಏಳುನೂರರ ಆಸುಪಾಸಿನ ಪುಟ, ಕೊನೆಯಲ್ಲಿ ಮನೆತನಗಳ ಪಟ್ಟಿ. ಆ ಪಟ್ಟಿಯನ್ನು ಮೊದಲ ವಾರ ದಿನಕ್ಕೆ ನಾಲ್ಕು ಸಲ ತಿರುವುತ್ತೀರಿ. ಇಂಗ್ಲಿಷ್ ಮಾತ್ರ ಸರಾಗ, ಸಂಭಾಷಣೆ ಹರಿತ. ಹಿಂಸೆ ಧಾರಾಳ, ಲೈಂಗಿಕ ಕ್ರೌರ್ಯವೂ ಇದೆ, ಅದಕ್ಕೆ ಗುರಿಯಾಗುವವರಲ್ಲಿ ಎಳೆಯರೂ ಇದ್ದಾರೆ. ಮನೆಯ ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ.

ನಿಲುಗಡೆ? ಅರ್ಧ ಇದೆ. ದೊಡ್ಡ ಕಥೆ ಆಗಷ್ಟೇ ಬಾಯಿ ತೆರೆದಿರುತ್ತದೆ, ಆದರೆ ಮೊದಲ ಸಂಪುಟಕ್ಕೆ ತನ್ನದೇ ಏರು ಇಳಿತವಿದೆ, ಕೊನೆಯ ಪುಟದಲ್ಲಿ ಒಂದು ಗಂಟೆ ಹೊಡೆದ ಹಾಗಾಗುತ್ತದೆ. ಟಿವಿ ಸರಣಿಯ ಮೊದಲ ಸೀಸನ್ ಈ ಪುಸ್ತಕವನ್ನು ಬಹಳ ಹತ್ತಿರದಿಂದ ಹಿಂಬಾಲಿಸಿದೆ. ನೋಡಿದವರಿಗೆ ತಿರುವುಗಳು ಗೊತ್ತಿರುತ್ತವೆ, ಆದರೆ ಹೆಸರಿಗೊಂದು ಮುಖ ಮೊದಲೇ ಸಿಕ್ಕಿರುವುದರಿಂದ ಆ ಪಟ್ಟಿಯ ಕಾಟ ತಪ್ಪುತ್ತದೆ. ನೋಡಿದ್ದೇನೆ, ಇನ್ನೇಕೆ ಓದಲಿ ಎನ್ನುವವರಿಗೆ ಒಂದು ಮಾತು: ಪರದೆಯ ಮೇಲೆ ಪಾತ್ರಗಳು ಏನು ಮಾಡಿದರೆಂದು ನೋಡಿದಿರಿ, ಪುಸ್ತಕದಲ್ಲಿ ಅವರು ತಮಗೇ ಏನು ಸುಳ್ಳು ಹೇಳಿಕೊಂಡರೆಂದು ತಿಳಿಯುತ್ತದೆ.

ರಾಥ್‌ಫಸ್‌ನದು ಬೇರೆ ಬಗೆ. ಹೋಟೆಲು ನಡೆಸುತ್ತ ಅಜ್ಞಾತವಾಸದಲ್ಲಿರುವ ಕ್ವೋತ್ ತನ್ನ ಜೀವನವನ್ನು ಮೂರು ದಿನದಲ್ಲಿ ಹೇಳುತ್ತೇನೆಂದು ಕೂರುತ್ತಾನೆ, ಒಂದು ದಿನಕ್ಕೆ ಒಂದು ಪುಸ್ತಕ. ಗದ್ಯ ಕಿವಿಗೆ ಇಂಪು, ಸಂಗೀತದ ಬಗ್ಗೆ ಬರುವ ಪುಟಗಳಂತೂ ಗಟ್ಟಿಯಾಗಿ ಓದಬೇಕೆನಿಸುತ್ತವೆ. ಒಬ್ಬನೇ ನಿರೂಪಕ, ಆದ್ದರಿಂದ ಆರುನೂರೈವತ್ತು ಪುಟವಿದ್ದರೂ ಹೊರೆ ಹಗುರ. ತೊಂದರೆ ಇರುವುದು ಚೌಕಟ್ಟಿನಲ್ಲೇ: ಮೂರು ದಿನ ಎಂದು ಮೊದಲೇ ಮಾತು ಕೊಟ್ಟ ಕಥೆಯ ಮೂರನೆಯ ದಿನವೇ ಬಂದಿಲ್ಲ. ಮಾರ್ಟಿನ್‌ದು ಮುಗಿಯದೆ ಹೋದರೂ ಕೈಯಲ್ಲಿ ಐದು ದಪ್ಪ ಸಂಪುಟವಿರುತ್ತದೆ. ಇಲ್ಲಿ ಮಾತ್ರ ಒಗಟಿನ ಪ್ರಶ್ನೆ ನಿಮ್ಮ ಬಳಿ, ಉತ್ತರ ಲೇಖಕರ ಬಳಿ. ಒಂದು ಪುಸ್ತಕದ ಸೊಗಸಿಗಾಗಿ ಮಾತ್ರ ಓದುವವರು ಓದಲಿ. ಕೊನೆ ಏನಾಯಿತೆಂದು ತಿಳಿಯದಿದ್ದರೆ ನಿದ್ದೆ ಬರದವರು ದೂರವಿರುವುದು ಕ್ಷೇಮ.

ಮೂರಕ್ಕೆ ಮುಗಿಯುವುದು, ಹದಿನಾಲ್ಕಕ್ಕೆ ಮುಗಿಯುವುದು

ರಾಬರ್ಟ್ ಜೋರ್ಡನ್ ಅವರ 'ವೀಲ್ ಆಫ್ ಟೈಮ್' ಮುಗಿದಿದೆ, ಆದರೆ ಅದನ್ನು ಮುಗಿಸಿದವರು ಜೋರ್ಡನ್ ಅಲ್ಲ. 1990ರಲ್ಲಿ 'ದಿ ಐ ಆಫ್ ದಿ ವರ್ಲ್ಡ್' ಬಂತು. 2007ರಲ್ಲಿ ಲೇಖಕರು ತೀರಿಕೊಂಡಾಗ ಕೊನೆಯ ಭಾಗ ಟಿಪ್ಪಣಿ, ಕರಡುಗಳ ರೂಪದಲ್ಲಿತ್ತು. ಅವರ ಸಂಪಾದಕಿಯೂ ಆಗಿದ್ದ ಪತ್ನಿ ಆ ಕೆಲಸವನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಯುವ ಲೇಖಕನಿಗೆ ವಹಿಸಿದರು. ಉಳಿದದ್ದು ಮೂರು ಸಂಪುಟವಾಗಿ ಬೆಳೆದು, 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಮುಕ್ತಾಯವಾಯಿತು. ಇದಲ್ಲದೆ ಪೂರ್ವಕಥೆ ಬೇರೆ ಒಂದಿದೆ.

ಮೊದಲ ಸಂಪುಟದ ಆರಂಭದಲ್ಲಿ ಟೋಲ್ಕಿನ್ ನೆರಳು ಢಾಳಾಗಿ ಕಾಣುತ್ತದೆ: ಮೂಲೆಯ ಹಳ್ಳಿ, ಏನೂ ಅರಿಯದ ಹುಡುಗರು, ಹೊರಗಿನಿಂದ ಬಂದ ಮಾಂತ್ರಿಕೆ, ಹಿಂದೆ ಬೀಳುವ ಕಪ್ಪು ಸವಾರ. ಕ್ರಮೇಣ ಅದು ತನ್ನ ದಾರಿ ಹಿಡಿಯುತ್ತದೆ. ಎಂಟುನೂರರ ಹತ್ತಿರದ ಪುಟಗಳಿದ್ದರೂ ನಿಲುಗಡೆ ಪರವಾಗಿಲ್ಲ, ಒಂದು ಪ್ರಯಾಣ ಮುಗಿದ ಭಾವ ಬರುತ್ತದೆ. ಅಂಜಿಕೆ ಇರುವುದು ನಡುವಿನಲ್ಲಿ. ಎಂಟರಿಂದ ಹತ್ತನೆಯ ಸಂಪುಟದವರೆಗೆ ಕಥೆ ಕೆಸರಲ್ಲಿ ಸಿಕ್ಕ ಗಾಡಿ ಎಂಬುದು ಈ ಸರಣಿಯನ್ನು ಪ್ರೀತಿಸುವವರೇ ಒಪ್ಪುವ ಮಾತು. ದಿನಕ್ಕೆ 20 ಪುಟ ಓದುವವರ ಲೆಕ್ಕ ಹಾಕಿ ನೋಡಿ: ಇಡೀ ಸರಣಿ ಹತ್ತು ಸಾವಿರ ಪುಟ ದಾಟುತ್ತದೆ, ಅಂದರೆ ಒಂದು ದಿನವೂ ತಪ್ಪಿಸದೆ 500 ದಿನಕ್ಕೂ ಮೇಲೆ. ಅದೇ ವೇಗದಲ್ಲಿ 'ಅರ್ತ್‌ಸೀ' ಹತ್ತು ದಿನ. ಇಷ್ಟಾದರೂ ಈ ಸರಣಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಉದ್ದವೇ ಬೇಕಾದವರು ಇರುತ್ತಾರೆ. ದಿನವೂ ರೈಲಿನಲ್ಲಿ ಎರಡು ಗಂಟೆ ಕೂರುವವರು, ಆಡಿಯೋಬುಕ್ ಹಾಕಿಕೊಂಡು ಮನೆಗೆಲಸ ಮಾಡುವವರು, ದೀರ್ಘ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು. ಅವರಿಗೆ ಪುಸ್ತಕ ಬೇಗ ಮುಗಿಯುವುದೇ ತೊಂದರೆ.

ಅದೇ ಸ್ಯಾಂಡರ್ಸನ್ ತಮ್ಮದೇ ಆಗಿ ಬರೆದ 'ಮಿಸ್ಟ್‌ಬಾರ್ನ್' ಇದಕ್ಕೆ ತದ್ವಿರುದ್ಧ. ಮೊದಲ ಸಂಪುಟ 'ದಿ ಫೈನಲ್ ಎಂಪೈರ್' 2006ರಲ್ಲಿ, ಮೂರನೆಯದು 2008ರಲ್ಲಿ. ಕೊಟ್ಟ ಮಾತು ಉಳಿಸಿಕೊಂಡ ಮೂರು ಪುಸ್ತಕ. ಆಕಾಶದಿಂದ ಬೂದಿ ಉದುರುವ ಊರಿನಲ್ಲಿ, ಸಾವಿರ ವರ್ಷದಿಂದ ಆಳುತ್ತಿರುವ ಚಕ್ರವರ್ತಿಯನ್ನು ಉರುಳಿಸಲು ಕಳ್ಳರ ಗುಂಪೊಂದು ಹೂಡುವ ಸಂಚು. ಮಾಯೆಗೆ ಇಲ್ಲಿ ಭೌತಶಾಸ್ತ್ರದಷ್ಟೇ ಖಚಿತ ನಿಯಮಗಳಿವೆ. ಲೋಹದ ಚೂರು ನುಂಗಿ ಒಳಗೇ ಉರಿಸಬೇಕು. ಕಬ್ಬಿಣ ಉರಿಸಿದರೆ ಲೋಹಗಳನ್ನು ಎಳೆಯಬಹುದು, ಉಕ್ಕು ಉರಿಸಿದರೆ ತಳ್ಳಬಹುದು, ತವರ ಉರಿಸಿದರೆ ಕಣ್ಣು ಕಿವಿ ಚುರುಕಾಗುತ್ತದೆ. ತಳ್ಳಿದ ವಸ್ತು ನಿಮಗಿಂತ ಭಾರವಾಗಿದ್ದರೆ ಹಾರಿಹೋಗುವವರು ನೀವೇ. ಹೊಡೆದಾಟದ ಪುಟ ಓದುವಾಗ ಯಾರು ಎಲ್ಲಿದ್ದಾರೆ, ಏಕೆ ಬಿದ್ದರು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಇಂಗ್ಲಿಷ್ ಈ ಇಡೀ ಹೋಲಿಕೆಯಲ್ಲೇ ಅತಿ ಸಲೀಸಾದವುಗಳಲ್ಲಿ ಒಂದು. ಅದೇ ಅದರ ಮಿತಿಯೂ ಹೌದು. ಮತ್ತೆ ತಿರುಗಿ ಓದಬೇಕೆನಿಸುವ ವಾಕ್ಯ ಅಪರೂಪ, ಒಂದೇ ವಿಷಯವನ್ನು ಮೂರು ಸಲ ವಿವರಿಸುವ ಚಾಳಿಯಿದೆ. ಭಾಷೆಯ ರುಚಿಗಾಗಿ ಓದುವವರಿಗೆ ಸಪ್ಪೆಯೆನಿಸಬಹುದು. ಕಥೆಗಾಗಿ ಓದುವವರಿಗೆ, ದಪ್ಪ ಪುಸ್ತಕ ಓದಿ ಅಭ್ಯಾಸವಿಲ್ಲದವರಿಗೆ ಇದಕ್ಕಿಂತ ಭದ್ರವಾದ ಆಯ್ಕೆ ನನಗೆ ಕಾಣುವುದಿಲ್ಲ. ಮೊದಲ ಸಂಪುಟ ಹೂಡಿದ ಸಂಚನ್ನು ಮೊದಲ ಸಂಪುಟವೇ ತೀರಿಸುತ್ತದೆ.

ಹತ್ತಿರ ಹಾಯ್ದು ಹೋಗಬೇಕಾದ ಕೆಲವು

ರಾಬಿನ್ ಹಾಬ್ ಅವರ 'ಅಸ್ಯಾಸಿನ್ಸ್ ಅಪ್ರೆಂಟಿಸ್' (1995) ಅರಮನೆಯ ಲಾಯದಲ್ಲಿ ಬೆಳೆಯುವ, ರಾಜಕುಮಾರನೊಬ್ಬನ ವಿವಾಹೇತರ ಮಗನ ಆತ್ಮಕಥನ. ನಿಧಾನ, ಆಪ್ತ, ಎದೆ ಹಿಂಡುವಂಥದ್ದು. ನಾಯಿಯನ್ನು ಸಾಕಿದವರು ಎಚ್ಚರದಿಂದ ಓದಬೇಕು. ಈ ಹುಡುಗನ ಕಥೆ ಮೂರಕ್ಕೆ ಒಂದು ಘಟ್ಟ ಮುಟ್ಟುತ್ತದೆ. ಇಷ್ಟವಾದರೆ ಅದೇ ಲೋಕದಲ್ಲಿ ಒಟ್ಟು ಹದಿನಾರು ಕಾದಂಬರಿಗಳಿವೆ.

ಎನ್. ಕೆ. ಜೆಮಿಸಿನ್ ಅವರ 'ದಿ ಫಿಫ್ತ್ ಸೀಸನ್' (2015) ಮತ್ತು ಅದರ ಮುಂದಿನ ಎರಡೂ ಭಾಗ ಫ್ಯಾಂಟಸಿ, ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯನ್ನು ಸತತ ಮೂರು ವರ್ಷ ಗೆದ್ದವು. ಒಂದು ಎಳೆ ಪೂರ್ತಿ 'ನೀನು' ಎಂದು ಓದುಗರನ್ನೇ ಕರೆದು ಸಾಗುತ್ತದೆ. ಮಗುವಿನ ಸಾವಿನಿಂದ ಕಥೆ ತೆರೆದುಕೊಳ್ಳುತ್ತದೆ. ಅದ್ಭುತ ಪುಸ್ತಕ. ಆದರೆ ಫ್ಯಾಂಟಸಿಯ ಮೊದಲ ಪುಸ್ತಕವಾಗಿ ನಾನು ಕೊಡುವುದಿಲ್ಲ. ಈ ಪ್ರಕಾರದ ಮಾಮೂಲು ದಾರಿಗಳನ್ನು ಬಲ್ಲವರಿಗೆ ಮಾತ್ರ, ಅದು ಯಾವ ಯಾವ ದಾರಿಯನ್ನು ಬೇಕೆಂದೇ ಮುರಿದಿದೆ ಎಂಬುದು ಪೂರ್ತಿ ದಕ್ಕುತ್ತದೆ.

ಹ್ಯಾರಿ ಪಾಟರ್ ಸರಣಿಯ ಮೊದಲನೆಯದರ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ: 1997ರದ್ದು, ಚಿಕ್ಕದು, ನಿಲುಗಡೆ ಚೊಕ್ಕ, 2007ರಲ್ಲಿ ಏಳಕ್ಕೆ ಮುಗಿದ ಸರಣಿ. ಹತ್ತು ಹನ್ನೆರಡರ ಮಕ್ಕಳಿಗೆ ಇವತ್ತಿಗೂ ಸರಿ. ದೊಡ್ಡವರು ಇಂಗ್ಲಿಷ್ ಓದಿನ ರೂಢಿಗಾಗಿ ಹಿಡಿದರೂ ತಪ್ಪೇನಿಲ್ಲ. ಐದನೆಯದಕ್ಕೆ ಬರುವಾಗ ಗಾತ್ರ ಮೊದಲನೆಯದರ ಮೂರು ಪಟ್ಟು ಮೀರಿರುತ್ತದೆ ಎಂಬುದು ನೆನಪಿರಲಿ.

ಮೊದಲನೆಯದೇ ಮೊದಲನೆಯದಲ್ಲದಾಗ

ಎರಡು ಸರಣಿಗಳಲ್ಲಿ 'ಮೊದಲ ಪುಸ್ತಕ' ಎಂಬ ಮಾತೇ ದಾರಿ ತಪ್ಪಿಸುತ್ತದೆ. ಟೆರ್ರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್‌ನಲ್ಲಿ 41 ಕಾದಂಬರಿಗಳಿವೆ, 1983ರಿಂದ 2015ರವರೆಗೆ ಬಂದವು. ಸಂಖ್ಯೆ ನೋಡಿ ಬೆಚ್ಚಬೇಡಿ, ಬಹುತೇಕ ಎಲ್ಲವೂ ಬಿಡಿ ಬಿಡಿಯಾಗಿ ನಿಲ್ಲುತ್ತವೆ. ಮೊದಲು ಬಂದ 'ದಿ ಕಲರ್ ಆಫ್ ಮ್ಯಾಜಿಕ್' ಆ ಕಾಲದ ಫ್ಯಾಂಟಸಿ ಪುಸ್ತಕಗಳನ್ನು ಅಣಕಿಸುವ ಪುಸ್ತಕ. ಅಣಕಿಸಿದ ಮೂಲವನ್ನೇ ಓದದವರಿಗೆ ನಗು ಅರ್ಧ ಬರುತ್ತದೆ, ಸಾಲದ್ದಕ್ಕೆ ಅದರ ಕೊನೆ ಪ್ರಪಂಚದ ಅಂಚಿನಲ್ಲಿ ಜೋತಾಡುತ್ತದೆ. ಮೃತ್ಯು ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ 'ಮಾರ್ಟ್' (1987) ಅಥವಾ ಊರ ಕಾವಲುಗಾರರ 'ಗಾರ್ಡ್ಸ್! ಗಾರ್ಡ್ಸ್!' (1989) ಹಿಡಿಯಿರಿ. ಪದಚಮತ್ಕಾರವೇ ಜೀವಾಳವಾದ್ದರಿಂದ ಇಂಗ್ಲಿಷಿನ ಮೇಲೆ ಹಿಡಿತ ಬೇಕು.

ಸಿ. ಎಸ್. ಲೂಯಿಸ್ ಅವರ ಮಕ್ಕಳ ಸರಣಿ ನಾರ್ನಿಯಾದ ಕಥೆ ಇನ್ನೊಂದು ತಮಾಷೆ. 1950ರಲ್ಲಿ ಮೊದಲು ಬಂದದ್ದು ಬೀರುವಿನ ಬಾಗಿಲಿನಿಂದ ಹಿಮದ ಲೋಕಕ್ಕೆ ಕಾಲಿಡುವ ಕಥೆ. ಆ ಲೋಕ ಹುಟ್ಟಿದ ಕಥೆ ಬಂದದ್ದು 1955ರಲ್ಲಿ, ಆರನೆಯದಾಗಿ. ಈಗಿನ ಹಲವು ಆವೃತ್ತಿಗಳಲ್ಲಿ ಹುಟ್ಟಿನ ಕಥೆಗೇ '1' ಎಂಬ ಸಂಖ್ಯೆ ಹಾಕಿದ್ದಾರೆ. ನೀವು ಬಂದ ಕ್ರಮದಲ್ಲೇ ಓದಿ. ಹಿಮದ ಕಾಡಿನ ನಡುವೆ ಒಂದು ದೀಪದ ಕಂಬ ಕಂಡಾಗ 'ಇದು ಇಲ್ಲೇಕೆ?' ಎಂದು ಬೆರಗಾಗುವ ಸುಖ, ಆ ಕಂಬದ ಚರಿತ್ರೆ ಮೊದಲೇ ಗೊತ್ತಿದ್ದವರಿಗೆ ಇಲ್ಲ.

ಹಾಗಾದರೆ ನಿಮಗೆ ಯಾವುದು

ಈ ಪ್ರಕಾರ ನನಗೆ ಒಗ್ಗುತ್ತದೋ ಇಲ್ಲವೋ ಎಂದೇ ಗೊತ್ತಿಲ್ಲ ಎನ್ನುವವರು 'ಅರ್ತ್‌ಸೀ' ಅಥವಾ 'ಹಾಬಿಟ್' ತೆಗೆದುಕೊಳ್ಳಿ. ಹೋದರೆ ಹತ್ತು ಹದಿನೈದು ದಿನ ಹೋಗುತ್ತದೆ. ಕೈಯಲ್ಲಿ ಒಂದೇ ಪುಸ್ತಕಕ್ಕಾಗುವಷ್ಟು ದುಡ್ಡಿದ್ದರೂ ಇವೇ, ಎರಡನೆಯದು ಕೊಳ್ಳಲೇಬೇಕೆಂಬ ಒತ್ತಾಯವನ್ನು ಇವು ಹೇರುವುದಿಲ್ಲ. ಥ್ರಿಲ್ಲರ್, ಪತ್ತೇದಾರಿ ಓದಿ ಬಂದವರಿಗೆ 'ಮಿಸ್ಟ್‌ಬಾರ್ನ್'. ಚರಿತ್ರೆ, ರಾಜಕೀಯ ಇಷ್ಟವಿದ್ದು 'ಈ ಮಾಯಮಂತ್ರ ನನಗಾಗದು' ಎನ್ನುವವರಿಗೆ ಮಾರ್ಟಿನ್. ಅಂಥವರೇ ಎರಡನೆಯ ಸಂಪುಟದ ಹೊತ್ತಿಗೆ ಡ್ರ್ಯಾಗನ್ ಯಾವಾಗ ಬರುತ್ತದೆಂದು ಕೇಳುತ್ತಿರುತ್ತಾರೆ. ಒಂದೊಂದು ವಾಕ್ಯವನ್ನೂ ನಾಲಿಗೆಯ ಮೇಲಿಟ್ಟುಕೊಂಡು ಓದುವವರಿಗೆ ಲ ಗ್ವಿನ್ ಮೊದಲು, ರಾಥ್‌ಫಸ್ ಆಮೇಲೆ. ಟೋಲ್ಕಿನ್‌ನ ದೊಡ್ಡ ಕಾದಂಬರಿಯನ್ನು ಎರಡು ತಿಂಗಳು ಬಿಡುವಿರುವಾಗ, ಮೂರೂ ಸಂಪುಟ ಕೈಯಲ್ಲಿಟ್ಟುಕೊಂಡು ಓದಿ. ನಡುವೆ ಪುಸ್ತಕ ಸಿಗದೆ ತಿಂಗಳು ಬಿಟ್ಟರೆ ನೀವು ಮತ್ತೆ ಹೊಳೆಯ ದಡದಿಂದಲೇ ಹೊರಡಬೇಕಾಗುತ್ತದೆ. ದುಡ್ಡಿನ ಹಿಡಿತವಿರುವವರಿಗೆ ಅದರ ಏಕಸಂಪುಟ ಆವೃತ್ತಿಯೂ ಸಿಗುತ್ತದೆ. ಮಲಗಿಕೊಂಡು ಓದುವ ರೂಢಿಯಿದ್ದರೆ ಮಾತ್ರ ಬೇಡ, ಮೂಗಿನ ಮೇಲೆ ಬಿದ್ದರೆ ನೋವಾಗುತ್ತದೆ.

ಯಾವುದನ್ನೇ ಆರಿಸಿದರೂ, ಬಿಡುವುದಾದರೆ ಎಲ್ಲಿ ಬಿಡಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಇನ್ನೂರು ಪುಟದ ಪುಸ್ತಕಕ್ಕೆ ಐವತ್ತು, ಏಳುನೂರರದ್ದಕ್ಕೆ ನೂರೈವತ್ತು ಪುಟ ಸಾಕು. ಅಲ್ಲಿಗೂ ಹಿಡಿಸದಿದ್ದರೆ ಕೆಳಗಿಡಿ. ಮುಂದೆ ಚೆನ್ನಾಗಿದೆ ಎಂಬ ಮಾತಿಗೆ ಕಿವಿಗೊಟ್ಟು ಸಾವಿರ ಪುಟ ಸವೆಸಬೇಡಿ.

ಓದುವಾಗ ಯಾವ ಪಾತ್ರ ಯಾರೆಂದು ಮರೆತುಹೋದರೆ ಅಂತರ್ಜಾಲದಲ್ಲಿ ಹುಡುಕುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಪಾತ್ರದ ಹೆಸರು ಟೈಪ್ ಮಾಡಿ ಮುಗಿಸುವ ಮುಂಚೆಯೇ, ಅವನು ಯಾವ ಸಂಪುಟದಲ್ಲಿ ಯಾರ ಕೈಯಲ್ಲಿ ಸತ್ತ ಎಂಬ ಸಲಹೆ ಕೆಳಗೆ ಮೂಡಿರುತ್ತದೆ. ಪುಸ್ತಕದ ಹಿಂದಿನ ಪಟ್ಟಿಯನ್ನೇ ನೋಡಿ, ಅದೂ ನೀವು ಓದುತ್ತಿರುವ ಸಂಪುಟದ್ದನ್ನೇ. ಮಾರ್ಟಿನ್‌ನ ಎರಡನೆಯ ಸಂಪುಟದ ಪಟ್ಟಿ ತೆರೆದರೆ, ಮೊದಲನೆಯದರಲ್ಲಿ ನೀವು ಇನ್ನೂ ಜೀವ ಕೈಯಲ್ಲಿ ಹಿಡಿದು ಓದುತ್ತಿರುವ ಒಬ್ಬರ ಹೆಸರು ದಿವಂಗತರ ಸಾಲಿನಲ್ಲಿ ತಣ್ಣಗೆ ಕೂತಿರುತ್ತದೆ.